ಕೋಶವಿಭಜನೆಯಲ್ಲಿ ವರ್ಣತಂತುಗಳು ಬೇರ್ಪಡುವ ಬಗೆ

ಇಯತ್ತೆ ಹತ್ತನೆಯ ವಿಜ್ಞಾನ ಮತ್ತು ತಂತ್ರಜ್ಞಾನ ಭಾಗ 2ರಲ್ಲಿ ಕೋಶವಿಭಜನೆಯ ಪಾಠವಿದೆ. ಮಕ್ಕಳು ಅದರ ನಾಲ್ಕು ಅವಸ್ಥೆಗಳನ್ನು ಕಂಠಪಾಠ ಮಾಡುತ್ತಾರೆ, ಆಕೃತಿಗಳನ್ನು ಅಂದವಾಗಿ ತೆಗೆಯುತ್ತಾರೆ, ಅಂಕಗಳನ್ನೂ ಪಡೆಯುತ್ತಾರೆ. ಆದರೆ ಆ ನಾಲ್ಕು ಚಿತ್ರಗಳ ನಡುವೆ ಏನು ನಡೆಯಿತು, ದಾರಗಳನ್ನು ಎಳೆದವರು ಯಾರು, ಎಲ್ಲವೂ ಒಂದೇ ಹೊತ್ತಿಗೆ ಬೇರೆಯಾದದ್ದು ಹೇಗೆ ಎಂದು ಕೇಳಿದರೆ ತರಗತಿಯಲ್ಲಿ ಮೌನ ಕವಿಯುತ್ತದೆ. ಅನೇಕ ವರ್ಷ ಈ ಪಾಠವನ್ನು ಬೋಧಿಸಿದ ನಾವೂ ಆ ಮೌನದಲ್ಲಿ ಪಾಲುದಾರರೇ. ಪಾಲಕರು ಮಕ್ಕಳೊಡನೆ ಕುಳಿತು ಓದಲು ಅನುಕೂಲವಾಗಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಲೇಖನದ ಕೊನೆಯ ಭಾಗವು ಪರೀಕ್ಷೆಗಿಂತ ಮನೆಗೆ ಹೆಚ್ಚು ಸಂಬಂಧಿಸಿದ್ದು. ಅದನ್ನು ಮನೆಯ ಹಿರಿಯರೂ ಓದಬೇಕೆಂದು ವಿನಂತಿ.

ಗಡಿಭಾಗದ ಮಕ್ಕಳಿಗೆ ಮೊದಲ ತೊಡಕು ಹೆಸರುಗಳದ್ದು. ಮುರಗೂಡದಿಂದ ನಿಪ್ಪಾಣಿಗೆ ಹೋದರೆ ರಾಜ್ಯ ಬದಲಾಗುತ್ತದೆ, ಅದರೊಡನೆ ಪಾರಿಭಾಷಿಕ ಪದಗಳೂ ಬದಲಾಗುತ್ತವೆ. ಕರ್ನಾಟಕದ ಪುಸ್ತಕಗಳಲ್ಲಿ ವರ್ಣತಂತು ಎನ್ನುವುದನ್ನು ನೆರೆಮನೆಯ ಮರಾಠಿ ಮಾಧ್ಯಮದ ಮಗು ಗುಣಸೂತ್ರ ಎನ್ನುತ್ತದೆ. ಹನ್ನೊಂದನೆಯ ಇಯತ್ತೆಗೆ ಹೋದೊಡನೆ ಅದೇ ಕ್ರೋಮೋಸೋಮ್ ಆಗುತ್ತದೆ. ನಮ್ಮ ಜೀವಕೋಶವು ಅವರ ಪೇಶಿ. ನಮ್ಮ ಕೋಶಕೇಂದ್ರವು ಅವರ ಕೇಂದ್ರಕ. ಮೈಟಾಸಿಸ್ ಎಂಬ ಸಮವಿಭಜನೆಗೆ ಮರಾಠಿಯಲ್ಲಿ ಸೂತ್ರೀ ವಿಭಾಜನ, ಮಿಯಾಸಿಸ್‌ಗೆ ಅರ್ಧಸೂತ್ರೀ ವಿಭಾಜನ ಎನ್ನುತ್ತಾರೆ. ಹೆಸರು ಮೂರಾದರೂ ವಸ್ತು ಒಂದೇ ಎಂಬುದನ್ನು ಮಗುವಿಗೆ ಮೊದಲೇ ತಿಳಿಸಿಬಿಟ್ಟರೆ ಅರ್ಧ ಭಯ ಹೋಗುತ್ತದೆ. ವಾಸ್ತವದಲ್ಲಿ ಈ ಹೆಸರುಗಳೆಲ್ಲ ದಾರದ ಸುತ್ತಲೇ ಹುಟ್ಟಿದವು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಎಂಬ ಪ್ರಾಣಿಯ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದಾರದಂಥ ಎಳೆಗಳು ಉದ್ದುದ್ದಕ್ಕೆ ಸೀಳಿ ಎರಡು ಕಡೆಗೆ ಸರಿಯುವುದನ್ನು ಕಂಡರು. ಗ್ರೀಕ್ ಭಾಷೆಯಲ್ಲಿ ದಾರಕ್ಕಿರುವ ಪದದಿಂದ ಅವರು 1882ರಲ್ಲಿ ಮೈಟಾಸಿಸ್ ಎಂಬ ಹೆಸರನ್ನು ಬಳಕೆಗೆ ತಂದರು. ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುವ ಕಾಯಗಳೆಂಬ ಅರ್ಥದಲ್ಲಿ ಕ್ರೋಮೋಸೋಮ್ ಎಂಬ ಹೆಸರನ್ನು 1888ರಲ್ಲಿ ವಾಲ್ಡೆಯರ್ ಇಟ್ಟರು. ಬಣ್ಣ ಮತ್ತು ದಾರ ಎರಡನ್ನೂ ಕೂಡಿಸಿದ ನಮ್ಮ ವರ್ಣತಂತು ಎಂಬ ಪದವೇ ಹೆಚ್ಚು ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕನ್ನಡದ ಮಾಸ್ತರರು ಹೀಗೆ ಹೇಳದೆ ಮತ್ತಾರು ಹೇಳಬೇಕು.

ಪ್ರತಿ ಜೀವಿಗೂ ವರ್ಣತಂತುಗಳ ಸಂಖ್ಯೆ ಗೊತ್ತಾಗಿದೆ. ಮನುಷ್ಯನಿಗೆ 46, ಆಕಳಿಗೆ 60, ನಮ್ಮ ಭಾಗದ ಎಮ್ಮೆಗೆ 50, ಜೋಳಕ್ಕೆ 20, ಉಳ್ಳಾಗಡ್ಡಿಗೆ 16, ನಿಪ್ಪಾಣಿಯ ಸೀಮೆಯ ತಂಬಾಕಿಗೆ 48. ಸಂಖ್ಯೆ ದೊಡ್ಡದಾದರೆ ಜೀವಿ ದೊಡ್ಡದು ಎಂದೇನೂ ಇಲ್ಲ. ಮುಖ್ಯವಾದ ಸಂಗತಿಯೆಂದರೆ, ಒಂದು ಕೋಶ ಎರಡಾಗುವಾಗ ಎರಡಕ್ಕೂ ಪೂರ್ಣ ಸಂಖ್ಯೆಯೇ ಹೋಗಬೇಕು. ಮನುಷ್ಯನ ಎಲುಬಿನ ಮಜ್ಜೆಯು ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ರಕ್ತಕಣಗಳನ್ನು ಸಿದ್ಧಪಡಿಸುತ್ತದೆ. ಅವುಗಳ ಹಿಂದೆ ಅಷ್ಟೇ ಬಿರುಸಿನ ಕೋಶವಿಭಜನೆ ಇದೆ, ಪ್ರತಿ ವಿಭಜನೆಯಲ್ಲೂ 46ರ ಲೆಕ್ಕ ತಪ್ಪುವಂತಿಲ್ಲ.

ಉಳ್ಳಾಗಡ್ಡಿಯನ್ನು ಹೆಸರಿಸಿದ್ದಕ್ಕೆ ಕಾರಣವಿದೆ. ನೀರು ತುಂಬಿದ ಲೋಟದ ಬಾಯಿಯ ಮೇಲೆ ಉಳ್ಳಾಗಡ್ಡಿಯ ಬುಡ ಮಾತ್ರ ನೀರಿಗೆ ತಾಗುವಂತೆ ಇಟ್ಟರೆ ಕೆಲವೇ ದಿನಗಳಲ್ಲಿ ಬಿಳಿ ಬೇರುಗಳು ಇಳಿಯುತ್ತವೆ. ಬೆಳೆಯುವ ಕೆಲಸವೆಲ್ಲ ಬೇರಿನ ತುದಿಯ ಒಂದೆರಡು ಮಿಲಿಮೀಟರಿನಲ್ಲಿಯೇ ನಡೆಯುತ್ತದೆ. ಆ ತುದಿಯನ್ನು ಅಸೆಟಿಕ್ ಆಮ್ಲ ಮತ್ತು ಆಲ್ಕೊಹಾಲಿನ ಮಿಶ್ರಣದಲ್ಲಿ ನೆನೆಸಿ, ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಮೆದುಗೊಳಿಸಿ, ಅಸೆಟೊಕಾರ್ಮೈನ್ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆಯಾಗಿಸಿದರೆ ವರ್ಣತಂತುಗಳು ಕಾಣುತ್ತವೆ. ಆಮ್ಲದ ಕೆಲಸವನ್ನು ಶಿಕ್ಷಕರೇ ಮಾಡಬೇಕು. ನಾವು ಮೊದಲು ಕೆಲಸ ಮಾಡಿದ ಶಾಲೆಯೊಂದರಲ್ಲಿ ಸೂಕ್ಷ್ಮದರ್ಶಕವಿತ್ತು. ಅದರ ಮಸೂರಕ್ಕೆ ಬೂಷ್ಟು ಹಿಡಿದಿತ್ತು. ಪಟ್ಟಿಯನ್ನು ಬೇರೆಡೆ ಒಯ್ದು ತೋರಿಸಿದಾಗ ಒಬ್ಬ ವಿದ್ಯಾರ್ಥಿನಿಯು "ಸರ್, ಇದರಾಗ ಬಹಳಷ್ಟು ಕೋಶ ಸುಮ್ಮನೆ ಕೂತಾವಲ್ಲ" ಎಂದಳು. ಅದು ಸರಿಯಾದ ವೀಕ್ಷಣೆ. ವಿಭಜನೆಯು ಕೋಶದ ಜೀವನದಲ್ಲಿ ಅಲ್ಪ ಸಮಯದ ಕೆಲಸ. 24 ಗಂಟೆಗೊಮ್ಮೆ ವಿಭಜಿಸುವ ಮನುಷ್ಯನ ಕೋಶದಲ್ಲಿ ಅದಕ್ಕೆ ತಗಲುವುದು ಸುಮಾರು ಒಂದು ಗಂಟೆ. ಉಳಿದ ಕಾಲವೆಲ್ಲ ಸಿದ್ಧತೆಯದು, ಸುಮ್ಮನೆ ಕೂತಂತೆ ಕಂಡರೂ.

ಸಿದ್ಧತೆಯಲ್ಲಿ ಬಹುಮುಖ್ಯವಾದದ್ದು ನಕಲು ಮಾಡುವ ಕೆಲಸ. ಮನುಷ್ಯನ ಒಂದು ಕೋಶದಲ್ಲಿರುವ ಡಿಎನ್‌ಎ ಎಳೆಗಳನ್ನೆಲ್ಲ ಒಂದರ ಮುಂದೊಂದು ಇಟ್ಟರೆ ಸುಮಾರು ಎರಡು ಮೀಟರ್ ಉದ್ದವಾಗುತ್ತದೆ. ಇಷ್ಟನ್ನೂ ತುಂಬಿಕೊಂಡ ಕೋಶಕೇಂದ್ರವು ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಚಿಕ್ಕದು. ಪ್ರತಿಯೊಂದು ಎಳೆಯ ನಕಲು ಸಿದ್ಧವಾಗುತ್ತಿರುವಾಗಲೇ ಮೂಲ ಮತ್ತು ನಕಲನ್ನು ಉಂಗುರದಾಕಾರದ ಪ್ರೋಟೀನುಗಳು ಒಟ್ಟಿಗೆ ಹಿಡಿದಿಡುತ್ತವೆ. ಎರಡು ದಾರಗಳಿಗೆ ಕೂಡಿಯೇ ಬಳೆ ತೊಡಿಸಿದಂತೆ ಎಂದು ತಿಳಿಯಬಹುದು. ಈ ಬಳೆಯ ಹೆಸರು ಕೊಹೆಸಿನ್. ಇದು ಪತ್ತೆಯಾದದ್ದು 1997ರಲ್ಲಿ. ಹೀಗೆ ಜೋಡಿಯಾಗಿರುವ ಎರಡು ಎಳೆಗಳಿಗೆ ಸೋದರ ಎಳೆಗಳು ಎನ್ನುತ್ತಾರೆ. ಪುಸ್ತಕದಲ್ಲಿ ವರ್ಣತಂತುವನ್ನು ಇಂಟು ಗುರುತಿನಂತೆ ಬರೆದಿರುತ್ತಾರಲ್ಲ, ಅದು ಒಂದು ವರ್ಣತಂತುವಿನ ಎರಡು ಸೋದರ ಎಳೆಗಳ ಚಿತ್ರ. ಮಕ್ಕಳು ಇದನ್ನು ತಂದೆಯದೊಂದು ತಾಯಿಯದೊಂದು ಎಂದು ತಪ್ಪು ತಿಳಿಯುವುದು ಸಾಮಾನ್ಯ. ಹಾಗಲ್ಲ. ಇಂಟುವಿನ ಎರಡೂ ಎಳೆಗಳು ಒಂದೇ ಪತ್ರದ ಮೂಲ ಮತ್ತು ನಕಲು. ತಂದೆಯಿಂದ ಬಂದ ಜೊತೆಗಾರ ವರ್ಣತಂತು ಬೇರೆಯೇ ಒಂದು ಇಂಟುವಾಗಿ ಬೇರೊಂದೆಡೆ ಇರುತ್ತದೆ.

ಪೂರ್ವಾವಸ್ಥೆಯಲ್ಲಿ ಈ ಎಳೆಗಳು ಬಿಗಿಯಾಗಿ ಸುತ್ತಿಕೊಂಡು ಗಿಡ್ಡವೂ ದಪ್ಪವೂ ಆಗುತ್ತವೆ. ಬಿಡಿಸಿ ಹರಡಿದ ನೂಲನ್ನು ಹಂಚುವುದು ಕಷ್ಟ, ಲಡಿ ಕಟ್ಟಿದರೆ ಸುಲಭ. ಇದೇ ವೇಳೆಗೆ ಕೋಶದ ಎರಡು ತುದಿಗಳಿಂದ ಸೂಕ್ಷ್ಮನಾಳಿಕೆಗಳೆಂಬ ಟೊಳ್ಳು ಕಡ್ಡಿಗಳು ಬೆಳೆಯತೊಡಗುತ್ತವೆ. ಎರಡೂ ಕಡೆಯಿಂದ ಬೆಳೆದು ನಡುವೆ ಹೆಣೆದುಕೊಂಡ ಈ ರಚನೆಯು ನಡುವೆ ದಪ್ಪ, ತುದಿಗಳಲ್ಲಿ ಚೂಪು. ಅದಕ್ಕೆ ಕದಿರು ಎಂದು ಹೆಸರು. ಇಚಲಕರಂಜಿಯ ನೇಕಾರ ಮನೆತನದ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯ ಬೀಳುವುದಿಲ್ಲ. ನೂಲು ತುಂಬಿದ ಕಂಡಿಕೆಯನ್ನು ನೋಡಿದವರಿಗೆ ಆಕಾರ ಕಣ್ಣಿಗೆ ಕಟ್ಟುತ್ತದೆ. ಪ್ರಾಣಿಗಳ ಕೋಶದಲ್ಲಿ ಎರಡು ತುದಿಗಳಲ್ಲಿಯೂ ತಾರಾಕೇಂದ್ರಗಳಿರುತ್ತವೆ. ಉಳ್ಳಾಗಡ್ಡಿಯಂಥ ಸಸ್ಯದ ಕೋಶದಲ್ಲಿ ಅವು ಇಲ್ಲದಿದ್ದರೂ ಕದಿರು ಆಗುತ್ತದೆ.

ಈಗ ಪಾಠದ ಹೃದಯಭಾಗಕ್ಕೆ ಬಂದೆವು. ಪ್ರತಿ ಜೋಡಿಯ ಸೊಂಟದಂಥ ಕಿರಿದಾದ ಭಾಗದಲ್ಲಿ, ಎರಡು ಎಳೆಗಳಿಗೂ ಒಂದೊಂದರಂತೆ, ಕೈನೆಟೊಕೋರ್ ಎಂಬ ಹಿಡಿಕೆಗಳಿರುತ್ತವೆ. ಸೂಕ್ಷ್ಮನಾಳಿಕೆಗಳು ಈ ಹಿಡಿಕೆಯನ್ನು ಹಿಡಿಯಬೇಕು. ಅವು ನೇರವಾಗಿ ಗುರಿಯಿಟ್ಟು ಬರುವುದಿಲ್ಲ. ಬೆಳೆಯುತ್ತವೆ, ಏನೂ ಸಿಗದಿದ್ದರೆ ಥಟ್ಟನೆ ಕುಸಿದು ಚಿಕ್ಕದಾಗುತ್ತವೆ, ಮತ್ತೆ ಬೇರೆ ದಿಕ್ಕಿನಲ್ಲಿ ಬೆಳೆಯುತ್ತವೆ. ಕತ್ತಲಲ್ಲಿ ಕೈ ಚಾಚಿ ಬಾಗಿಲ ಚಿಲಕ ಹುಡುಕಿದಂತೆ. ಈ ಬೆಳೆದು ಕುಸಿಯುವ ಗುಣವನ್ನು 1984ರಲ್ಲಿ ಮಿಚಿಸನ್ ಮತ್ತು ಕರ್ಶ್ನರ್ ತೋರಿಸಿಕೊಟ್ಟರು.

ಹೀಗೆ ಹುಡುಕುವಾಗ ತಪ್ಪು ಆಗದೆ ಇರುತ್ತದೆಯೇ? ಆಗುತ್ತದೆ, ಅನೇಕ ಸಲ ಆಗುತ್ತದೆ. ಎರಡು ಸೋದರ ಎಳೆಗಳ ಹಿಡಿಕೆಗಳನ್ನೂ ಒಂದೇ ತುದಿಯ ನಾಳಿಕೆಗಳು ಹಿಡಿದುಬಿಡಬಹುದು. ಹಾಗಾದರೆ ಎರಡೂ ಒಂದೇ ಕಡೆ ಹೋಗಿ, ಒಂದು ಮರಿಕೋಶಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗುತ್ತದೆ. ಕೋಶಕ್ಕೆ ಕಣ್ಣಿಲ್ಲ, ಸರಿಯಾಯಿತೇ ತಪ್ಪಾಯಿತೇ ಎಂದು ಅದು ತಿಳಿಯುವುದು ಸೆಳೆತದಿಂದ. ಎರಡು ಎಳೆಗಳನ್ನು ಎರಡು ದಿಕ್ಕಿನಿಂದ ಎಳೆದರೆ, ನಡುವೆ ಬಳೆಗಳು ಬಿಡದೆ ಹಿಡಿದಿರುವುದರಿಂದ, ಹಗ್ಗಜಗ್ಗಾಟದ ಹಗ್ಗದಂತೆ ಬಿಗುವು ಉಂಟಾಗುತ್ತದೆ. ಒಂದೇ ಕಡೆಯಿಂದ ಎಳೆದರೆ ಬಿಗುವು ಇರುವುದಿಲ್ಲ, ಬಿಗುವು ಇಲ್ಲದ ಹಿಡಿತ ಸಡಿಲವಾಗಿ ಕಳಚಿಹೋಗುತ್ತದೆ, ಹುಡುಕಾಟ ಮತ್ತೆ ಆರಂಭವಾಗುತ್ತದೆ. ಅಮೆರಿಕದ ಬ್ರೂಸ್ ನಿಕ್ಲಸ್ ಎಂಬ ವಿಜ್ಞಾನಿಯು 1969ರಲ್ಲಿ ಮಿಡತೆಯ ಕೋಶದೊಳಕ್ಕೆ ಅತಿ ಸೂಕ್ಷ್ಮವಾದ ಗಾಜಿನ ಸೂಜಿಯನ್ನು ಇಳಿಸಿ ಇದನ್ನು ಪರೀಕ್ಷಿಸಿದರು. ತಪ್ಪಾಗಿ ಕಟ್ಟಿಕೊಂಡ ವರ್ಣತಂತುವನ್ನು ಸೂಜಿಯಿಂದ ಎಳೆದು ಕೃತಕವಾಗಿ ಬಿಗುವು ಕೊಟ್ಟಾಗ ಆ ತಪ್ಪು ಹಿಡಿತವೇ ಗಟ್ಟಿಯಾಗಿ ಉಳಿಯಿತು. ಅಂದರೆ ಕೋಶವು ನಂಬುವುದು ಬಿಗುವನ್ನೇ.

ಎಲ್ಲ ಜೋಡಿಗಳೂ ಸರಿಯಾಗಿ ಕಟ್ಟಿಕೊಂಡು ನಡುಗೆರೆಯಲ್ಲಿ ಸಾಲಾಗಿ ನಿಂತದ್ದೇ ಮಧ್ಯಾವಸ್ಥೆ. ಪುಸ್ತಕದ ಚಿತ್ರ ನೋಡಿದರೆ ಅದು ವಿಶ್ರಾಂತಿಯಂತೆ ತೋರುತ್ತದೆ. ನಿಜವಾಗಿ ಅದು ಕಾಯುವಿಕೆ. 46ರಲ್ಲಿ 45 ಸಿದ್ಧವಾಗಿ ಒಂದೇ ಒಂದು ಬಾಕಿ ಉಳಿದರೂ ಉಳಿದವೆಲ್ಲ ಅದಕ್ಕಾಗಿ ನಿಲ್ಲುತ್ತವೆ. ಕಟ್ಟಿಕೊಳ್ಳದ ಆ ಒಂದು ಹಿಡಿಕೆಯು "ಇನ್ನೂ ಬೇಡ" ಎಂಬ ಸಂಕೇತವನ್ನು ಕೋಶದ ತುಂಬ ಹರಡುತ್ತಿರುತ್ತದೆ. ಈ ಸಂಕೇತಕ್ಕೆ ಕಾರಣವಾದ ಜೀನುಗಳು 1991ರಲ್ಲಿ ಯೀಸ್ಟಿನಲ್ಲಿ ಸಿಕ್ಕವು. 1995ರಲ್ಲಿ ಕಾನ್ಲಿ ರೀಡರ್ ಮತ್ತು ಸಂಗಡಿಗರು ಕಟ್ಟಿಕೊಳ್ಳದೆ ಉಳಿದಿದ್ದ ಕೊನೆಯ ಹಿಡಿಕೆಯನ್ನು ಲೇಸರ್ ಕಿರಣದಿಂದ ನಾಶಪಡಿಸಿ ನೋಡಿದರು. ತಡೆ ಹೋಯಿತು, ಕೋಶವು ಆ ವರ್ಣತಂತುವನ್ನು ಲೆಕ್ಕಿಸದೆ ಮುಂದುವರಿಯಿತು. ಕಾಯಿಸುತ್ತಿದ್ದದ್ದು ಆ ಒಂದೇ ಹಿಡಿಕೆ ಎಂಬುದು ಇದರಿಂದ ಖಚಿತವಾಯಿತು.

ಕೊನೆಯ ಜೋಡಿಯೂ ಕಟ್ಟಿಕೊಂಡ ಮೇಲೆ ತಡೆಯ ಸಂಕೇತ ನಿಲ್ಲುತ್ತದೆ. ಕೋಶದಲ್ಲಿ ಸೆಪರೇಸ್ ಎಂಬ ಕತ್ತರಿಯಂಥ ಪ್ರೋಟೀನು ಮೊದಲಿನಿಂದಲೂ ಇರುತ್ತದೆ; ಆದರೆ ಸೆಕ್ಯೂರಿನ್ ಎಂಬ ಇನ್ನೊಂದು ಪ್ರೋಟೀನು ಅದರ ಬಾಯಿ ಕಟ್ಟಿರುತ್ತದೆ. ತಡೆ ಹೋದೊಡನೆ ಸೆಕ್ಯೂರಿನ್ ನಾಶವಾಗುತ್ತದೆ, ಕತ್ತರಿ ಬಿಡುಗಡೆಯಾಗುತ್ತದೆ, ಎಲ್ಲ ಜೋಡಿಗಳ ಬಳೆಗಳನ್ನು ಹೆಚ್ಚು ಕಡಿಮೆ ಏಕಕಾಲಕ್ಕೆ ತುಂಡರಿಸುತ್ತದೆ. ಅದುವರೆಗೆ ಎಳೆತ ಎರಡೂ ಕಡೆಯಿಂದ ಇದ್ದೇ ಇತ್ತು. ಹಿಡಿದಿದ್ದ ಬಳೆ ಹೋದದ್ದೇ ತಡ, ಸೋದರ ಎಳೆಗಳು ತಂತಮ್ಮ ತುದಿಯತ್ತ ಸರಿಯುತ್ತವೆ. ಇದು ಪಶ್ಚಾವಸ್ಥೆ. ಎಳೆತ ಹೊಸದಾಗಿ ಶುರುವಾದದ್ದರಿಂದ ಅವು ಬೇರೆಯಾಗಲಿಲ್ಲ, ಹಿಡಿತ ಹೋದದ್ದರಿಂದ ಬೇರೆಯಾದವು ಎಂಬ ಈ ಒಂದು ಮಾತನ್ನು ಮಕ್ಕಳು ತಿಳಿದುಕೊಂಡರೆ ಪಾಠ ಅರ್ಥವಾದಂತೆ.

ಸರಿಯುವ ಬಗೆಯೂ ವಿಚಿತ್ರ. ಬಾವಿಯಿಂದ ಹಗ್ಗ ಸೇದಿದಂತೆ ತುದಿಯಲ್ಲಿ ಯಾರೋ ನಾಳಿಕೆಯನ್ನು ಸುತ್ತಿಕೊಳ್ಳುವುದಿಲ್ಲ. ನಾಳಿಕೆಯು ಬಹುಮಟ್ಟಿಗೆ ವರ್ಣತಂತು ಹಿಡಿದಿರುವ ಕೊನೆಯಲ್ಲಿಯೇ ಬಿಚ್ಚಿಕೊಳ್ಳುತ್ತ ಹೋಗುತ್ತದೆ, ಹಿಡಿಕೆಯು ಬಿಚ್ಚುತ್ತಿರುವ ಅಂಚನ್ನು ಬಿಡದೆ ಹಿಡಿದು ಹಿಂದೆ ಸರಿಯುತ್ತದೆ. ಜೊತೆಗೆ ಕದಿರಿನ ಎರಡು ತುದಿಗಳೂ ಒಂದರಿಂದೊಂದು ದೂರವಾಗುತ್ತವೆ. ವೇಗವು ನಿಮಿಷಕ್ಕೆ ಸುಮಾರು ಒಂದು ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ವೇಗದಲ್ಲಿ ಒಂದು ಸೆಂಟಿಮೀಟರ್ ಸಾಗಲು ಏಳು ದಿನ ಬೇಕಾದೀತು. ಕೋಶದೊಳಗಿನ ದೂರವೇ ಅತ್ಯಲ್ಪವಾದ್ದರಿಂದ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಆಕೃತಿ ತೆಗೆಯುವ ಮಕ್ಕಳಿಗೆ ಒಂದು ಸೂಚನೆ: ಎಳೆತ ಬೀಳುವುದು ಹಿಡಿಕೆಯ ಮೇಲೆ, ಆದ್ದರಿಂದ ಹಿಡಿಕೆ ಮುಂದೆ, ತೋಳುಗಳು ಹಿಂದೆ ಜೋತಾಡುತ್ತಿರಬೇಕು. ತೋಳುಗಳನ್ನು ತುದಿಯ ಕಡೆಗೆ ತಿರುಗಿಸಿ ಬರೆದ ಆಕೃತಿಗಳನ್ನು ನಾವು ಪ್ರತಿ ವರ್ಷವೂ ತಿದ್ದುತ್ತೇವೆ.

ಅಂತ್ಯಾವಸ್ಥೆಯಲ್ಲಿ ಎರಡು ಕಡೆಯ ಗುಂಪುಗಳ ಸುತ್ತ ಹೊಸ ಕೋಶಕೇಂದ್ರದ ಪೊರೆ ಕಟ್ಟುತ್ತದೆ, ತಂತುಗಳು ಸಡಿಲಗೊಳ್ಳುತ್ತವೆ. ಆಮೇಲೆ ಪ್ರಾಣಿಕೋಶವು ನಡುವಿನಲ್ಲಿ ಸೊರಗಿ ಎರಡಾಗುತ್ತದೆ. ಸಸ್ಯಕೋಶದಲ್ಲಿ ನಡುವೆ ಹೊಸ ಗೋಡೆ ಏಳುತ್ತದೆ.

ಕದಿರು ಮುರಿದರೆ ಏನಾಗುತ್ತದೆ ಎಂಬುದನ್ನು ತೋರಿಸುವ ಎರಡು ಗಿಡಗಳು ನಮ್ಮ ಸುತ್ತಲೇ ಇವೆ. ಮಳೆಗಾಲದಲ್ಲಿ ಬೇಲಿಗಳಲ್ಲಿಯೂ ಕಾಡಿನಂಚಿನಲ್ಲಿಯೂ ಬೆಂಕಿಯ ನಾಲಗೆಯಂಥ ಹೂ ಬಿಡುವ ಅಗ್ನಿಶಿಖೆ, ಮರಾಠಿಯ ಕಳಲಾವಿ, ಮೊದಲನೆಯದು. ಇದರ ಗಡ್ಡೆ ಮತ್ತು ಬೀಜಗಳಲ್ಲಿ ಕೋಲ್ಚಿಸಿನ್ ಎಂಬ ವಿಷವಿದೆ. ಮಕ್ಕಳು ಬಾಯಿಗಿಡದಂತೆ ಎಚ್ಚರ ವಹಿಸಬೇಕು. ಕೋಲ್ಚಿಸಿನ್ ಸೂಕ್ಷ್ಮನಾಳಿಕೆಗಳನ್ನು ಕಟ್ಟಿಕೊಳ್ಳಲು ಬಿಡುವುದಿಲ್ಲ. ಕದಿರಿಲ್ಲದ ಕೋಶವು ಮಧ್ಯಾವಸ್ಥೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ, ಆಗ ವರ್ಣತಂತುಗಳನ್ನು ಎಣಿಸುವುದು ಸುಲಭ. ಮನುಷ್ಯನಿಗೆ 48 ವರ್ಣತಂತುಗಳೆಂದು ದಶಕಗಳ ಕಾಲ ಪುಸ್ತಕಗಳು ಹೇಳುತ್ತಿದ್ದವು. 1956ರಲ್ಲಿ ಟಿಜೊ ಮತ್ತು ಲೆವಾನ್ ಕೋಲ್ಚಿಸಿನ್ ಬಳಸಿ ಎಣಿಸಿ 46 ಎಂದು ತಿದ್ದಿದರು. ಎರಡನೆಯದು ಅಂಗಳದ ನಿತ್ಯಪುಷ್ಪ, ಮರಾಠಿಯ ಸದಾಫುಲಿ. ಇದರಿಂದ ತೆಗೆದ ವಿನ್‌ಕ್ರಿಸ್ಟಿನ್ ಕೂಡ ನಾಳಿಕೆಗಳನ್ನೇ ತಡೆಯುತ್ತದೆ, ಎಡೆಬಿಡದೆ ವಿಭಜಿಸುವ ಕೋಶಗಳನ್ನು ನಿಲ್ಲಿಸುತ್ತದೆ. ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಹಾಗೆಂದು ಯಾರೂ ಮನೆಯಲ್ಲಿ ಎಲೆ ಅರೆದು ಕುಡಿಯಬಾರದು. ಆಸ್ಪತ್ರೆಯಲ್ಲಿ ಅಳೆದು ಕೊಡುವ ಶುದ್ಧ ಔಷಧವೇ ಬೇರೆ.

ಇದುವರೆಗೆ ಹೇಳಿದ್ದು ಮೈ ಬೆಳೆಸುವ ಸಮವಿಭಜನೆ. ಅಂಡ ಮತ್ತು ವೀರ್ಯಾಣುಗಳು ಹುಟ್ಟುವ ಅರ್ಧಸೂತ್ರೀ ವಿಭಜನೆಯಲ್ಲಿ ನಕಲು ಒಮ್ಮೆ, ಹಂಚಿಕೆ ಎರಡು ಸಲ. ಮೊದಲ ಹಂಚಿಕೆಗೆ ಮುನ್ನ ತಾಯಿಯ ಕಡೆಯ ಮತ್ತು ತಂದೆಯ ಕಡೆಯ ಜೊತೆಗಾರ ವರ್ಣತಂತುಗಳು ಪರಸ್ಪರ ಹುಡುಕಿಕೊಂಡು ಪಕ್ಕಪಕ್ಕ ನಿಂತು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಳಿಕ ಈ ಜೊತೆಗಾರರು ಬೇರೆಯಾಗುತ್ತವೆ, ಸೋದರ ಎಳೆಗಳು ಮಾತ್ರ ಇನ್ನೂ ಕೂಡಿಯೇ ಇರುತ್ತವೆ. ತೋಳುಗಳ ಬಳೆ ಕತ್ತರಿಸಿದ ಕತ್ತರಿಯು ಸೊಂಟದ ಬಳೆಯನ್ನು ಏಕೆ ಬಿಟ್ಟಿತು? ಅಲ್ಲಿ ಒಂದು ರಕ್ಷಕ ಪ್ರೋಟೀನು ಕಾವಲಿದೆ. ಜಪಾನಿನ ವಿಜ್ಞಾನಿಗಳು ಅದಕ್ಕೆ ತಮ್ಮ ಭಾಷೆಯಲ್ಲಿ ರಕ್ಷಕ ದೇವತೆ ಎಂಬರ್ಥದ ಶುಗೊಶಿನ್ ಎಂಬ ಹೆಸರಿಟ್ಟರು. ಎರಡನೆಯ ಹಂಚಿಕೆಯಲ್ಲಿ ಕಾವಲು ತೆಗೆದು ಸೋದರ ಎಳೆಗಳೂ ಬೇರೆಯಾಗುತ್ತವೆ. 46 ಇದ್ದದ್ದು 23 ಆಗುತ್ತದೆ. ಮುಂದೆ ಅಂಡದ 23 ಮತ್ತು ವೀರ್ಯಾಣುವಿನ 23 ಕೂಡಿ ಮತ್ತೆ 46.

ಜೊತೆಗಾರ ಸಿಗದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಕುದುರೆಯ 64 ಮತ್ತು ಕತ್ತೆಯ 62ರ ಅರ್ಧರ್ಧ ಸೇರಿ ಹುಟ್ಟಿದ ಹೇಸರಗತ್ತೆಗೆ 63. ಜೋಡಿಗಳು ಹೊಂದದ ಕಾರಣ ಅದಕ್ಕೆ ಸಂತಾನವಾಗುವುದಿಲ್ಲ. ಬಾಜಾರಿನಲ್ಲಿ ಸಿಗುವ ಬಾಳೆಹಣ್ಣಿನ ಗಿಡಕ್ಕೆ 11ರ ಮೂರು ಕಂತೆ, ಒಟ್ಟು 33. ಮೂರನ್ನು ಎರಡು ಕಡೆಗೆ ಸಮನಾಗಿ ಹಂಚಲಾಗದು, ಹೀಗಾಗಿ ಬೀಜವಾಗುವುದಿಲ್ಲ, ನಾವು ಬಾಳೆಯನ್ನು ಮರಿಯಿಂದಲೇ ಬೆಳೆಸುತ್ತೇವೆ.

ನಮ್ಮ ಸೀಮೆಯ ಕಬ್ಬಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಸಿಹಿಯಾದ ದಪ್ಪ ಕಬ್ಬಿಗೆ 80 ವರ್ಣತಂತುಗಳು. ಜಾವಾ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೆರೆಹ್ ಎಂಬ ರೋಗ ಆ ಕಬ್ಬನ್ನು ಹಾಳುಗೆಡವಿತು. ಅಲ್ಲಿಯ ಕಾಡುಕಬ್ಬಿಗೆ 112 ವರ್ಣತಂತುಗಳು. ಅದಕ್ಕೆ ರೋಗ ತಗಲುತ್ತಿರಲಿಲ್ಲ, ಸಿಹಿಯೂ ಇರಲಿಲ್ಲ. ಇವೆರಡೂ ತಾವಾಗಿ ಕೂಡಿ ಹುಟ್ಟಿದ ಕಸೂರ್ ಎಂಬ ಕಬ್ಬು ರೋಗ ತಡೆಯಿತು. ಲೆಕ್ಕದಂತೆ ಅದಕ್ಕೆ 40 ಮತ್ತು 56 ಸೇರಿ 96 ಇರಬೇಕಿತ್ತು. ಬ್ರೆಮರ್ ಎಂಬ ವಿಜ್ಞಾನಿ ಎಣಿಸಿದಾಗ ಇದ್ದದ್ದು 136. ಸಿಹಿ ಕಬ್ಬು ತಾಯಿಯಾಗಿ ಅರ್ಧ ಪಾಲಿನ ಬದಲು ಪೂರ್ಣ 80ನ್ನೂ ಮಗಳಿಗೆ ಕೊಟ್ಟಿತ್ತು. ಹಂಚಿಕೆ ತಪ್ಪಿದ್ದೇ ಲಾಭವಾಯಿತು. ಕಾಡಿನ ಗಟ್ಟಿತನ ಬಂದರೂ ಸಿಹಿ ಹೆಚ್ಚು ಕುಗ್ಗಲಿಲ್ಲ. ಕಸೂರಿನ ವಂಶದಲ್ಲಿ 1921ರಲ್ಲಿ ಪಿಒಜೆ 2878 ಬಂತು. ಅದನ್ನು ಕೊಯಿಮತ್ತೂರಿನ ಕೋ 290ರೊಡನೆ ಕೂಡಿಸಿ ಪಡೆದ ಕೋ 419 ದಖನ್ನಿನ ಹೊಲಗಳನ್ನು ದಶಕಗಳ ಕಾಲ ತುಂಬಿತ್ತು. ಇಂದಿನ ಕಬ್ಬುಗಳಲ್ಲಿ ಸಾಮಾನ್ಯವಾಗಿ 100ರಿಂದ 130 ವರ್ಣತಂತುಗಳಿರುತ್ತವೆ. ಇಷ್ಟು ತೊಡಕಿನ ಕಂತೆಯನ್ನು ಅರ್ಧಸೂತ್ರೀ ವಿಭಜನೆಗೆ ಬಿಟ್ಟರೆ ಬೀಜದಿಂದ ಹುಟ್ಟುವ ಪ್ರತಿ ಸಸಿಯೂ ಬೇರೆ ಬೇರೆಯಾಗುತ್ತದೆ. ರೈತರು ಕಣ್ಣಿರುವ ತುಂಡನ್ನೇ ನಾಟುವುದು ಇದೇ ಕಾರಣಕ್ಕೆ. ಕಣ್ಣಿನಿಂದ ಮೊಳಕೆ ಬರುವುದು ಸಮವಿಭಜನೆಯಿಂದ. ಕೋ 86032 ನಾಟಿದ ಹೊಲದಲ್ಲಿ ಒಂದೊಂದು ಗಣೆಯೂ ಅದೇ ತಾಯಿಗಿಡದ ನಕಲು.

ಇನ್ನು ಮನೆಯ ಮಾತು. 23 ಜೊತೆಗಳಲ್ಲಿ ಒಂದು ಜೊತೆಯು ಲಿಂಗಕ್ಕೆ ಸಂಬಂಧಿಸಿದ್ದು. ಹೆಣ್ಣಿನಲ್ಲಿ ಅದು ಎಕ್ಸ್ ಎಕ್ಸ್, ಗಂಡಿನಲ್ಲಿ ಎಕ್ಸ್ ವೈ. ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ 1905ರಲ್ಲಿ ಹಿಟ್ಟಿನ ಹುಳುವಿನ ಕೋಶಗಳಲ್ಲಿ ಇದನ್ನು ಕಂಡುಹಿಡಿದರು. ತಾಯಿಯ ಅಂಡಕ್ಕೆ ಯಾವಾಗಲೂ ಎಕ್ಸ್ ಒಂದೇ ಹೋಗಲು ಸಾಧ್ಯ. ತಂದೆಯಲ್ಲಿ ಮೊದಲ ಹಂಚಿಕೆಯಾದಾಗ ಎಕ್ಸ್ ಒಂದು ಕಡೆಗೆ, ವೈ ಇನ್ನೊಂದು ಕಡೆಗೆ ಹೋಗುತ್ತದೆ. ಯಾವ ವೀರ್ಯಾಣು ಅಂಡವನ್ನು ಸೇರಿತೋ ಅದರಂತೆ ಮಗು. ಇದರಲ್ಲಿ ಸೊಸೆಯ ಪಾಲು ಏನೂ ಇಲ್ಲ, ಗಂಡನ ಇಚ್ಛೆಯೂ ನಡೆಯುವುದಿಲ್ಲ. ಇಷ್ಟು ಚಿಕ್ಕ ವಿಷಯ ಹತ್ತನೆಯ ಇಯತ್ತೆಯ ಪುಸ್ತಕದಲ್ಲಿ ಇದ್ದರೂ, 2001ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿದ್ದದ್ದು 839. ಗರ್ಭದಲ್ಲಿ ಲಿಂಗ ಪರೀಕ್ಷೆಯ ವಿರುದ್ಧ ದೇಶದಲ್ಲೇ ಮೊದಲು, 1988ರಲ್ಲಿ, ಕಾನೂನು ತಂದ ರಾಜ್ಯದ ಜಿಲ್ಲೆ ಇದು. ಹೆಣ್ಣು ಹೆತ್ತಳೆಂದು ಮಾತು ಕೇಳಿದ ತಾಯಂದಿರು ಪಾಲಕರ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿರುವುದನ್ನು ನಾವು ಕಂಡಿದ್ದೇವೆ. ಅವರ ಮಗಳೇ ಆ ಪುಟವನ್ನು ಮನೆಯಲ್ಲಿ ಗಟ್ಟಿಯಾಗಿ ಓದಲಿ, ಅಜ್ಜ ಅಜ್ಜಿಯರಿಗೂ ಕೇಳಿಸಲಿ.

ಇನ್ನೊಂದು ಆರೋಪವೂ ತಾಯಿಯ ಮೇಲೆಯೇ ಬೀಳುತ್ತದೆ. ಅರ್ಧಸೂತ್ರೀ ವಿಭಜನೆಯಲ್ಲಿ 21ನೆಯ ಜೊತೆಯು ಬೇರೆಯಾಗದೆ ಎರಡೂ ಒಂದೇ ಅಂಡಕ್ಕೆ ಹೋದರೆ ಮಗುವಿಗೆ 47 ವರ್ಣತಂತುಗಳಾಗುತ್ತವೆ. ಇದೇ ಡೌನ್ ಸಿಂಡ್ರೋಮ್. ಲಕ್ಷಣಗಳನ್ನು ಡೌನ್ ಎಂಬ ವೈದ್ಯರು 1866ರಲ್ಲಿ ವರ್ಣಿಸಿದ್ದರು. ಹೆಚ್ಚಿನ ವರ್ಣತಂತು ಕಾರಣವೆಂದು ಲೆಜೂನ್ ಮತ್ತು ಸಂಗಡಿಗರು 1959ರಲ್ಲಿ ತೋರಿಸಿದರು. ಹೆಚ್ಚಿನ ಪ್ರಕರಣಗಳಲ್ಲಿ ಹಂಚಿಕೆ ತಪ್ಪುವುದು ಅಂಡದಲ್ಲಿಯೇ ಹೌದು. ಆದರೆ ಏಕೆ ಎಂಬುದನ್ನು ಕೇಳಬೇಕು. ಹೆಣ್ಣುಮಗುವಿನ ಅಂಡಕೋಶಗಳು ಅವಳು ಇನ್ನೂ ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ಮೊದಲ ಹಂಚಿಕೆಯನ್ನು ಆರಂಭಿಸಿ ಅರ್ಧಕ್ಕೆ ನಿಲ್ಲುತ್ತವೆ. ಅಂಡ ಹೊರಬರುವ ತಿಂಗಳಲ್ಲಿ ಮಾತ್ರ ಅದು ಮುಂದುವರಿಯುತ್ತದೆ. 38 ವರ್ಷದ ತಾಯಿಯ ಅಂಡದಲ್ಲಿ ಕೊಹೆಸಿನ್ ಬಳೆಗಳು 38 ವರ್ಷಕ್ಕೂ ಹೆಚ್ಚು ಕಾಲ ದಾರಗಳನ್ನು ಹಿಡಿದು ನಿಂತಿವೆ. ಕಾಲಾಂತರದಲ್ಲಿ ಅವು ಸವೆಯುತ್ತವೆ, ಹಿಡಿತ ಮೊದಲೇ ಸಡಿಲಾಗಿ ಹಂಚಿಕೆ ತಪ್ಪುತ್ತದೆ. ಆದ್ದರಿಂದಲೇ ತಾಯಿಗೆ 35 ವರ್ಷವಾದಾಗ ಸುಮಾರು 350 ಜನನಗಳಲ್ಲಿ ಒಂದು, 40ಕ್ಕೆ ಸುಮಾರು ನೂರರಲ್ಲಿ ಒಂದು ಎಂಬಂತೆ ಸಂಭವ ಏರುತ್ತದೆ. ಆದರೂ ಚಿಕ್ಕ ವಯಸ್ಸಿನಲ್ಲಿ ಹೆರಿಗೆಗಳೇ ಹೆಚ್ಚಾದ್ದರಿಂದ ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ ಹೆಚ್ಚಿನವರು ಕಿರಿಯ ತಾಯಂದಿರಿಗೇ ಹುಟ್ಟುತ್ತಾರೆ. ಗ್ರಹಣದ ದಿನ ಹೊರಗೆ ಬಂದದ್ದು, ಪಪ್ಪಾಯಿ ತಿಂದದ್ದು, ಯಾರದೋ ದೃಷ್ಟಿ ತಾಗಿದ್ದು, ಹಿಂದಿನ ಜನ್ಮದ ಕರ್ಮ ಇವುಗಳಲ್ಲಿ ಯಾವುದೂ ಆ ಬಳೆಯನ್ನು ಮುಟ್ಟುವುದಿಲ್ಲ.

ಇಂಥ ಮಗು ಹುಟ್ಟಿದಾಗ ಮೊದಲು ಮಾಡಿಸಬೇಕಾದದ್ದು ಹೃದಯದ ಪರೀಕ್ಷೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ, ಬಹುಪಾಲು ಶಸ್ತ್ರಚಿಕಿತ್ಸೆಯಿಂದ ಸರಿಯಾಗುತ್ತದೆ. ಬಳಿಕ ಕಿವಿ, ಕಣ್ಣು ಮತ್ತು ಥೈರಾಯ್ಡ್ ಪರೀಕ್ಷೆಗಳು. ವರ್ಣತಂತುಗಳ ಎಣಿಕೆಗೆ ರಕ್ತ ಪರೀಕ್ಷೆ ಮಾಡಿಸಬೇಕು; ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ 21ರ ತುಂಡು ಬೇರೆ ವರ್ಣತಂತುವಿಗೆ ಅಂಟಿಕೊಂಡಿರುತ್ತದೆ, ಆಗ ಮಾತ್ರ ತಂದೆ ತಾಯಿಯರ ರಕ್ತವನ್ನೂ ನೋಡುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಯಾದಿಯಲ್ಲಿ ಡೌನ್ ಸಿಂಡ್ರೋಮ್ ಇದೆ. 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ತಪಾಸಣೆ ಮಾಡಿ ಮುಂದಿನ ಚಿಕಿತ್ಸೆಗೆ ಕಳಿಸುವ ಯೋಜನೆ ಅದು. 2016ರ ದಿವ್ಯಾಂಗರ ಹಕ್ಕುಗಳ ಕಾಯ್ದೆಯಂತೆ, ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಮಗುವಿನ ಮನೆಮಾತು ಕನ್ನಡವಾಗಿದ್ದರೆ ಹತ್ತಿರದ ಕನ್ನಡ ಶಾಲೆಯಲ್ಲಿಯೇ ಪ್ರವೇಶ ಕೇಳಿರಿ. ಮಾತು ನಿಧಾನವಾಗಿ ಬರುವ ಮಗುವಿಗೆ ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆಯನ್ನು ಒಮ್ಮೆಲೇ ಹೊರಿಸುವ ಮೊದಲು ಶಿಕ್ಷಕರೊಡನೆ ಮಾತನಾಡಿರಿ. ಅರ್ಜಿಗೆ ಜನ್ಮದಾಖಲೆ ಮತ್ತು ಸರಕಾರಿ ಆಸ್ಪತ್ರೆಯ ಪ್ರಮಾಣಪತ್ರದ ಪ್ರತಿಗಳನ್ನು ಲಗತ್ತಿಸಿ, ಕೊಟ್ಟದ್ದಕ್ಕೆ ಪೋಚ್ ಪಡೆದು ಇಟ್ಟುಕೊಳ್ಳಿರಿ.